ಬಾಡಿಗೆಗೆಂದು ಕೊಳ್ಳುವ ಮನೆಯನ್ನು ಪುನರ್ವಸು ಮಳೆಯಲ್ಲಿ ನೋಡಿ

ಮಾರಾಟಕ್ಕಿರುವ ಮನೆಯನ್ನು ದಲ್ಲಾಳಿಗಳು ತೋರಿಸುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಆಗಷ್ಟೇ ಬಣ್ಣ ಹೊಡೆಸಿರುತ್ತಾರೆ, ಗೋಡೆ ಒಣಗಿರುತ್ತದೆ, ಕಿಟಕಿ ತೆಗೆದರೆ ಬಿಸಿಲು ಬರುತ್ತದೆ. ಬೇಸಿಗೆಯಲ್ಲಿ ಮಲೆನಾಡಿನ ಯಾವ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಮೊದಲ ಮಾತು ಇದು: ಮುಂಗಡ ಕೊಡುವ ಮುಂಚೆ, ಸಾಧ್ಯವಿದ್ದರೆ, ಪುನರ್ವಸು ಮಳೆ ಹಿಡಿದಿರುವಾಗ ಆ ಮನೆಯೊಳಗೆ ಅರ್ಧ ಗಂಟೆ ನಿಂತು ಬನ್ನಿ. ಜುಲೈ ಎರಡನೇ ವಾರ ಅನ್ನಿ. ಬಾಡಿಗೆ ಮನೆಯ ಆದಾಯವನ್ನು ನಮ್ಮ ಶಿವಮೊಗ್ಗದ ಕಡೆ ಬಾಡಿಗೆದಾರರಿಗಿಂತ ಹೆಚ್ಚು ತಿನ್ನುವುದು ಮಳೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ. ಬಡ್ಡಿ, ಕರಾರು, ತೆರಿಗೆ ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತವೆ.

ಮಳೆಗಾಲದಲ್ಲಿ ನೋಡಲು ಆಗದಿದ್ದರೆ ಗೋಡೆಯ ಕಲೆಯನ್ನಾದರೂ ಓದಲು ಕಲಿಯಬೇಕು. ಬಣ್ಣ ಹೊಡೆದರೂ ಕಲೆ ಪೂರ್ತಿ ಮುಚ್ಚುವುದಿಲ್ಲ. ಅಂಗೈಯಿಂದ ಗೋಡೆಯನ್ನು ಸವರಿ: ಪುಡಿ ಉದುರುತ್ತದೆಯೇ, ಬಣ್ಣ ಗುಳ್ಳೆ ಎದ್ದಿದೆಯೇ, ಬೆರಳಿನಿಂದ ತಟ್ಟಿದರೆ ಗಾರೆ ಟೊಳ್ಳು ಸದ್ದು ಮಾಡುತ್ತದೆಯೇ ನೋಡಿ. ಆಮೇಲೆ ಕಲೆ ಎಲ್ಲಿದೆ ಅನ್ನುವುದು ಮುಖ್ಯ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಬಿಳಿ ಉಪ್ಪು ಎದ್ದಿದ್ದರೆ ಅದು ತಳಪಾಯದಿಂದ ಏರಿದ ತೇವ. ಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ, ಇಲ್ಲವೇ ಮನೆಯ ಸುತ್ತಲಿನ ಮಣ್ಣು ಒಳನೆಲಕ್ಕಿಂತ ಎತ್ತರವಾಗಿದೆ. ಮಣ್ಣನ್ನು ತೆಗೆದು ಸುತ್ತ ಇಳಿಜಾರು ಕಾಂಕ್ರೀಟ್ ಹಾಕಿದರೆ ಅರ್ಧ ಸರಿಹೋಗುತ್ತದೆ, ಪದರವೇ ಇಲ್ಲದಿದ್ದರೆ ಅದು ಪ್ರತಿ ವರ್ಷದ ಖರ್ಚು. ಕಲೆ ಮೇಲಿನ ಮೂಲೆಯಲ್ಲಿದ್ದರೆ ತಾರಸಿ ಸೋರುತ್ತಿದೆ. ಬಚ್ಚಲಿನ ಹಿಂಬದಿಯ ಗೋಡೆಯ ನಡುವಿದ್ದರೆ ಒಳಗಿನ ಪೈಪು. ಇದು ಬೇಸಿಗೆಯಲ್ಲೂ ಒದ್ದೆಯಾಗಿಯೇ ಇರುತ್ತದೆ, ಆದ್ದರಿಂದ ಹಿಡಿಯುವುದು ಸುಲಭ. ಪಶ್ಚಿಮ ಅಥವಾ ನೈರುತ್ಯದ ಹೊರಗೋಡೆ ಪೂರ್ತಿ ಕಪ್ಪಾಗಿ ಪಾಚಿ ಕಟ್ಟಿದ್ದರೆ ಅದು ಎರಚಲು. ಮುಂಗಾರಿನ ಗಾಳಿ ಬೀಸುವುದು ಆ ದಿಕ್ಕಿನಿಂದಲೇ. ಎರಚಲಿಗೆ ಒಳಗಿನಿಂದ ಎಷ್ಟು ಪುಟ್ಟಿ ಬಳಿದರೂ ಪ್ರಯೋಜನವಿಲ್ಲ. ಹೊರಗಿನ ಬಿರುಕು ತುಂಬಿ ಹೊರಗೋಡೆಗೇ ಮಳೆ ತಡೆಯುವ ಬಣ್ಣ ಹೊಡೆಸಬೇಕು, ಸಜ್ಜಾ ಮುಂದಕ್ಕೆ ಚಾಚಿಸಬೇಕು. ನಾಲ್ಕಕ್ಕೂ ಔಷಧಿ ಬೇರೆ ಬೇರೆ. ನಾಲ್ಕಕ್ಕೂ ಒಂದೇ ಡಬ್ಬಿ ವಾಟರ್‌ಪ್ರೂಫ್ ಬಳಿದು ದುಡ್ಡು ಕಳೆದುಕೊಳ್ಳುವುದನ್ನು ಎಲ್ಲ ಬಡಾವಣೆಯಲ್ಲೂ ಕಾಣಬಹುದು.

ತಾರಸಿಗೆ ಬರೋಣ. ಸೋರಿಕೆ ಬಹುಪಾಲು ಶುರುವಾಗುವುದು ಮಳೆನೀರಿನ ಕೊಳವೆ ತಾರಸಿಯನ್ನು ದಾಟಿ ಕೆಳಗಿಳಿಯುವ ಬಾಯಿಯಲ್ಲಿ. ಪಿವಿಸಿ ಪೈಪಿಗೂ ಕಾಂಕ್ರೀಟಿಗೂ ಬೆಸುಗೆ ಇರುವುದಿಲ್ಲ. ಬಿಸಿಲಿಗೆ ಪೈಪು ಹಿಗ್ಗಿ ಕುಗ್ಗಿ ಸುತ್ತ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಎಲೆ ಕಟ್ಟಿಕೊಂಡು ನೀರು ನಿಂತರೆ ಆ ಸಂದಿನಲ್ಲೇ ಇಳಿಯುತ್ತದೆ. ಸರಿಪಡಿಸುವುದು ಹೇಗೆಂದರೆ, ಪೈಪಿನ ಸುತ್ತ ಎರಡು ಮೂರು ಅಂಗುಲ ಕಾಂಕ್ರೀಟ್ ಕೆತ್ತಿ ತೆಗೆದು, ಕುಗ್ಗದ ಗ್ರೌಟ್ ತುಂಬಿ, ಗೋಡೆ ತಾರಸಿ ಕೂಡುವ ಮೂಲೆಗೆಲ್ಲ ಗಾರೆಯಲ್ಲಿ ದುಂಡು ಅಂಚು ಕಟ್ಟಿ, ಅದರ ಮೇಲೆ ರಾಸಾಯನಿಕ ಲೇಪ ಎರಡು ಸಲ, ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ. ಒಣಗಿದ ಮೇಲೆ ಕೊಳವೆಯ ಬಾಯಿ ಮುಚ್ಚಿ ಎರಡು ಅಂಗುಲ ನೀರು ಎರಡು ದಿನ ನಿಲ್ಲಿಸಿ. ಕೆಳಗೆ ಕಲೆ ಬರದಿದ್ದರೆ ಮಾತ್ರ ಮೇಸ್ತ್ರಿಗೆ ಬಾಕಿ ಹಣ ಕೊಡಿ. ಈ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಮೇ ಕೊನೆಯಲ್ಲಿ ಎರಡು ಮಳೆ ಬಿದ್ದ ಮೇಲೆ ತೇವದ ತಾರಸಿಗೆ ಲೇಪ ಬಳಿದರೆ ಒಳಗಿನ ತೇವ ಆವಿಯಾಗಿ ಮೇಲೆ ತಳ್ಳಿ ಲೇಪ ಸಿಪ್ಪೆಯಂತೆ ಎದ್ದು ಬರುತ್ತದೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಇದು ಹೊಸದಲ್ಲ. ಅಲ್ಲಿ ತಾರಸಿಯ ಮೇಲೆ ಶೀಟಿನ ಮಾಡು ಹಾಕದೆ ಮನೆ ಮುಗಿಯಿತು ಅಂತ ಯಾರೂ ಹೇಳುವುದಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಶಿವಮೊಗ್ಗ ನಗರದಲ್ಲಿ ಅದರ ಸಣ್ಣ ಪಾಲು ಮಾತ್ರ. ಆದರೂ ಬಾಡಿಗೆ ಮನೆಯಾದರೆ ನಗರದಲ್ಲೂ ಶೀಟು ಹಾಕಿಸಿ ಅನ್ನುತ್ತೇನೆ, ಸೋರಿಕೆ ತಪ್ಪುವುದು ಒಂದು ಕಾರಣ ಅಷ್ಟೇ. ಮಳೆಗಾಲದಲ್ಲಿ ಮನೆ ನೋಡಲು ಬರುವ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ "ಬಟ್ಟೆ ಒಣಗಿಸೋದು ಎಲ್ಲಿ?" ಅಂತ. ಮಾಡಿನ ಕೆಳಗೆ ತಂತಿ ಕಟ್ಟಿದ ತಾರಸಿ ಇದ್ದರೆ ಆ ಮನೆ ಬೇಗ ಹೋಗುತ್ತದೆ. ಬಟ್ಟೆಯನ್ನು ಕೋಣೆಯೊಳಗೆ ಹರವದ ಕಾರಣ ಗೋಡೆಗೆ ಬೂಸ್ಟು ಹಿಡಿಯುವುದೂ ಕಡಿಮೆ. ಶೀಟು ಹಾಕಿಸುವಾಗ ಎರಡು ಎಚ್ಚರಿಕೆ: ಸ್ಕ್ರೂ ಶೀಟಿನ ಏಣಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ, ಮತ್ತು ರಬ್ಬರ್ ವಾಷರ್ ಇರಲೇಬೇಕು. ಕಂಬಗಳನ್ನು ತಾರಸಿ ಕೊರೆದು ಬೋಲ್ಟ್ ಹಾಕಿ ನಿಲ್ಲಿಸಲು ಬಿಡಬೇಡಿ. ಸೋರದಿರಲೆಂದು ಹಾಕಿಸುವ ಮಾಡೇ ಹತ್ತು ತೂತಿಗೆ ಕಾರಣವಾಗುತ್ತದೆ. ಪಿಲ್ಲರಿನ ಮೇಲೆ ಬಿಟ್ಟಿರುವ ಸರಳಿಗೆ ಪ್ಲೇಟ್ ಬೆಸೆದು ಅದರ ಮೇಲೆ ಕಂಬ ನಿಲ್ಲಿಸಬಹುದು.

ಈಗ ದುಡ್ಡಿನ ಲೆಕ್ಕ. ಕಾಗದ ಪೆನ್ನು ಇದ್ದವರು ಬರೆದುಕೊಳ್ಳಿ. ಇವು ಉದಾಹರಣೆಯ ಅಂಕಿಗಳು, ನಿಮ್ಮ ಬೀದಿಯ ದರ ಹಾಕಿಕೊಳ್ಳಿ. ಶಿವಮೊಗ್ಗದ ಗೋಪಾಳ ಬಡಾವಣೆಯ ಕಡೆ 30×40 ಅಡಿ ಸೈಟಿನಲ್ಲಿ ಒಂದು ಕಟ್ಟಡ. ಕೆಳಗೆ ಎರಡು ಬೆಡ್‌ರೂಮಿನ ಮನೆ, ಬಾಡಿಗೆ 11,000. ಮೇಲೆ ಒಂದು ಬೆಡ್‌ರೂಮಿನ ಎರಡು ಮನೆ, ತಲಾ 7,000. ಒಟ್ಟು ತಿಂಗಳಿಗೆ 25,000, ವರ್ಷಕ್ಕೆ 3 ಲಕ್ಷ. ಹೇಳಿದ ಬೆಲೆ 80 ಲಕ್ಷ. ದಲ್ಲಾಳಿ ಹೇಳುವುದು "ಮೂರು ಲಕ್ಷ ಬರ್ತದೆ ಸಾರ್, ಶೇಕಡಾ 3.75 ಬಿತ್ತು" ಅಂತ. ಇಲ್ಲಿಗೆ ನಿಲ್ಲಿಸಬೇಡಿ.

ಮೊದಲು ಬಂಡವಾಳ ಸರಿ ಬರೆಯಿರಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ. 2 ಆದ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ. 7.6. ಅಂದರೆ 6 ಲಕ್ಷದ ಮೇಲೆ. ವಕೀಲರ ಶುಲ್ಕ, ತಾರಸಿ ಕೆಲಸ, ಬಣ್ಣ, ಪ್ರತ್ಯೇಕ ಮೀಟರು ಸೇರಿ ಇನ್ನು 2 ಲಕ್ಷ ಹಿಡಿದರೆ ಬಂಡವಾಳ 88 ಲಕ್ಷ.

ಆಮೇಲೆ ಖರ್ಚು. ಮೂರೂ ಮನೆ ವರ್ಷಕ್ಕೆ ತಲಾ ಒಂದು ತಿಂಗಳು ಖಾಲಿ ಅಂತ ಇಟ್ಟುಕೊಳ್ಳಿ: 25,000. ಕಂದಾಯ 8,000. ಮೋಟರು, ಮೆಟ್ಟಿಲ ದೀಪ, ಟ್ಯಾಂಕ್ ತೊಳೆಸುವುದು ತಿಂಗಳಿಗೆ 1,000ದಂತೆ 12,000. ದುರಸ್ತಿ ನಿಧಿ ಎಂದು ಕಟ್ಟಡದ ಬೆಲೆಯ ಶೇ. 1 ಎತ್ತಿಡಬೇಕು, ಜಾಗದ ಬೆಲೆ ಬಿಟ್ಟು. ಕಟ್ಟಡ 36 ಲಕ್ಷದ್ದಾದರೆ 36,000. ವಿಮೆ 4,000. ಬಾಡಿಗೆದಾರರು ಬದಲಾಗುವಾಗಿನ ದಲ್ಲಾಳಿ ಕಮಿಷನ್, ಚಿಲ್ಲರೆ ಕೆಲಸ 15,000. ಕೂಡಿಸಿ: 1 ಲಕ್ಷ. ಉಳಿಯುವುದು 2 ಲಕ್ಷ. 88 ಲಕ್ಷಕ್ಕೆ 2 ಲಕ್ಷ ಅಂದರೆ ಶೇ. 2.27. ನಿಮ್ಮ ಬ್ಯಾಂಕಿನ ಠೇವಣಿ ಬಡ್ಡಿಯನ್ನು ಪಕ್ಕದಲ್ಲಿ ಬರೆದು ನೋಡಿ.

ಹಾಗಾದರೆ ಕೊಳ್ಳಲೇಬಾರದೇ? ಜಾಗದ ಬೆಲೆ ಏರುತ್ತದೆ ಅನ್ನುವ ನಂಬಿಕೆಯ ಮೇಲೆ ಕೊಳ್ಳುವುದಾದರೆ ಅದು ಜಾಗದ ಮೇಲಿನ ಹೂಡಿಕೆ. ಹಾಗೆಂದೇ ತಿಳಿದು ಕೊಳ್ಳಿ, ಬಾಡಿಗೆ ಆದಾಯದ ಹೆಸರಿನಲ್ಲಿ ಬೇಡ. ಸಾಲ ಮಾಡುವವರಿಗೆ ಈ ವ್ಯತ್ಯಾಸ ಇನ್ನೂ ಕಟುವಾಗುತ್ತದೆ. 50 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದರೆ ಕಂತು ತಿಂಗಳಿಗೆ 43,400ರ ಹತ್ತಿರ. ಮನೆಯಿಂದ ಕೈಗೆ ಉಳಿಯುವುದು ತಿಂಗಳಿಗೆ 16,700. ಉಳಿದ 26,700 ನಿಮ್ಮ ಸಂಬಳದಿಂದಲೋ ಅಡಿಕೆಯಿಂದಲೋ ಬರಬೇಕು. ಅಡಿಕೆ ದರ ಒಂದೇ ಕಡೆ ನಿಲ್ಲುವುದಿಲ್ಲ, ಕೊಳೆರೋಗ ಬಂದ ವರ್ಷ ಫಸಲೂ ಇಲ್ಲ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಕಂತು ಕಟ್ಟಲು ಬಾಡಿಗೆಯನ್ನೇ ನಂಬಿದರೆ ಆರು ತಿಂಗಳ ಕಂತಿನಷ್ಟು ಹಣ ಬೇರೆ ಇರಲೇಬೇಕು.

ಇದಕ್ಕೆ ಎದುರಾಗಿ ಇನ್ನೊಂದು ಲೆಕ್ಕ. ನಿಮ್ಮದೇ ಮನೆಯ ಮೇಲೆ 900 ಚದರಡಿಯ ಮಹಡಿ ಕಟ್ಟುತ್ತೀರಿ, ಚದರಡಿಗೆ 2,000 ಅಂದರೆ 18 ಲಕ್ಷ. ಎರಡು ಮನೆ, ತಲಾ 7,000, ವರ್ಷಕ್ಕೆ 1,68,000. ಖಾಲಿ ತಿಂಗಳು, ಹೆಚ್ಚುವರಿ ಕಂದಾಯ, ದುರಸ್ತಿ ಎಲ್ಲ ಸೇರಿ 52,000 ಕಳೆಯಿರಿ, 1,16,000 ಉಳಿಯಿತು. ಶೇ. 6.4. ಜಾಗಕ್ಕೆ ಹೊಸದಾಗಿ ದುಡ್ಡು ಸುರಿಯುತ್ತಿಲ್ಲವಾದ್ದರಿಂದ ಲೆಕ್ಕ ಹೀಗೆ ತಿರುಗುತ್ತದೆ. ನಮ್ಮಂಥ ಊರಿನಲ್ಲಿ ಮಧ್ಯಮ ವರ್ಗದವರಿಗೆ ಬಾಡಿಗೆ ಆದಾಯ ಅನ್ನುವುದು ನಿಜವಾಗಿ ಸಿಗುವುದು ಬಹುತೇಕ ಈ ದಾರಿಯಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಆದರೆ ಪಾಯ ಮತ್ತು ಪಿಲ್ಲರು ಮಹಡಿಗೆಂದೇ ಲೆಕ್ಕ ಹಾಕಿ ಕಟ್ಟಿದ್ದೇ ಎಂದು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ನೋಡಿಸಿ, ಪಾಲಿಕೆಯ ಪರವಾನಗಿ ತೆಗೆದುಕೊಳ್ಳಿ. ಹಳೆಯ ಜಂಬಿಟ್ಟಿಗೆ ಗೋಡೆಯ ಮೇಲೆ ಭಾರ ನಿಂತಿರುವ ಮನೆಗೆ ಮಹಡಿ ಏರಿಸುವ ಯೋಚನೆಯನ್ನು ಅವರನ್ನು ಕೇಳದೆ ಮಾಡಲೇಬೇಡಿ.

ಮನೆ ಯಾವ ಕಡೆ ಇರಬೇಕು? ಯಾರು ಬಾಡಿಗೆಗೆ ಬರುತ್ತಾರೆ ಅನ್ನುವುದನ್ನು ಮೊದಲು ಹೇಳಲು ಬರಬೇಕು. ಸವಳಂಗ ರಸ್ತೆ, ನವುಲೆ ಕಡೆ ಇಂಜಿನಿಯರಿಂಗ್ ಕಾಲೇಜಿನವರು. ಸಿಮ್ಸ್ ವೈದ್ಯಕೀಯ ಕಾಲೇಜು, ಮೆಗ್ಗಾನ್ ಆಸ್ಪತ್ರೆಯ ಸುತ್ತ ವೈದ್ಯಕೀಯ ವಿದ್ಯಾರ್ಥಿಗಳು, ನರ್ಸುಗಳು. ವಿನೋಬನಗರ, ಗೋಪಾಳದಲ್ಲಿ ಸರ್ಕಾರಿ, ಬ್ಯಾಂಕು ನೌಕರರ ಸಂಸಾರಗಳು. ಒಂದೇ ಸಂಸ್ಥೆಯನ್ನು ನಂಬಿದ ಜಾಗದಲ್ಲಿ ಹುಷಾರಾಗಿರಿ; ಭದ್ರಾವತಿಯ ಕಾಗದ ಕಾರ್ಖಾನೆ ನಿಂತದ್ದು ನಮ್ಮ ಕಣ್ಣೆದುರಿಗೇ ಇದೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ಅದರ ಹೆಸರು ಹೇಳಿ ಮಾರುವವರು ಬಹಳ ಜನ. ವಿಮಾನ ಹತ್ತುವವರು ಅಲ್ಲಿ ಬಾಡಿಗೆ ಮನೆ ಹಿಡಿಯುವುದಿಲ್ಲ. ಅಲ್ಲಿ ದಿನಾ ಕೆಲಸಕ್ಕೆ ಹೋಗುವವರು ಎಷ್ಟು ಜನ, ಅವರು ಎಲ್ಲಿ ವಾಸವಿದ್ದಾರೆ ಅಂತ ವಿಚಾರಿಸಿ. ಇನ್ನು ತುಂಗೆಯ ಪಕ್ಕದ ತಗ್ಗು ಬಡಾವಣೆ, ನಾಲೆಯ ಅಂಚು: 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದ ಮೂರು ಮನೆಯಲ್ಲಿ ಕೇಳಿ. ಮಾರುವವರನ್ನು ಕೇಳಿದರೆ ಸಾಲದು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ, ಅದಕ್ಕೆ ವಕೀಲರೇ ಬೇಕು. ನಗರದಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಭೂಪರಿವರ್ತನೆ ಆದೇಶ, ಬಡಾವಣೆಗೆ ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಮೂವತ್ತು ವರ್ಷದ ಋಣಭಾರ ಪತ್ರ. ಮಲೆನಾಡಿನಲ್ಲಿ ಇನ್ನೊಂದು ವಿಶೇಷ ಎಚ್ಚರ: ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ. ಮೂಲ ಮಂಜೂರಾತಿ ಕಾಗದ ನೋಡದೆ ಮುಂದುವರಿಯಬೇಡಿ.

ಕರಾರು ಪತ್ರ. ಎಲ್ಲರೂ 11 ತಿಂಗಳಿಗೆ ಯಾಕೆ ಬರೆಯುತ್ತಾರೆ? ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು ಅನ್ನುವ ಕಾರಣಕ್ಕೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆ 3,500 ಮೀರಿದ ವಾಸದ ಮನೆಗೆ ಅನ್ವಯಿಸುವುದಿಲ್ಲ. ಅಂದರೆ ಇಲ್ಲಿ ಕೂತಿರುವ ಬಹುತೇಕರ ಮನೆಗೆ ನೀವು ಬರೆದುಕೊಂಡ ಕರಾರೇ ಆಧಾರ. ಹಾಗಿರುವಾಗ ಝೆರಾಕ್ಸ್ ಅಂಗಡಿಯ ಸಿದ್ಧ ಪ್ರತಿಗೆ ಹೆಸರು ತುಂಬಿಸಿ ಸಹಿ ಹಾಕುವುದು ಸರಿಯಲ್ಲ. ಮನೆ ಬಾಡಿಗೆಗೆ ಕೊಡುವ ದಿನದ ಮೀಟರ್ ರೀಡಿಂಗ್, ಮನೆಯ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ), ಎಷ್ಟು ಕೀಲಿ, ಎಷ್ಟು ಫ್ಯಾನು ಎಲ್ಲ ಬರೆಯಿರಿ. ನಲ್ಲಿಯ ವಾಷರು, ಬಲ್ಬು ಬಾಡಿಗೆದಾರರದ್ದು. ಗೋಡೆಯೊಳಗಿನ ಪೈಪು, ತಾರಸಿ, ವೈರಿಂಗು ಮಾಲೀಕರದ್ದು ಅಂತ ಸ್ಪಷ್ಟ ಮಾಡಿ. ಪ್ರತಿ ಕೋಣೆಯ ನಾಲ್ಕು ಗೋಡೆಯ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ ಅಡ್ವಾನ್ಸ್ ಜಗಳ ಹುಟ್ಟುವುದು ಬಹಳ ಸಲ ಗೋಡೆಯ ಕಲೆಯಿಂದಲೇ: ಮೊದಲೇ ಇತ್ತು ಅಂತ ಇವರು, ಇರಲಿಲ್ಲ ಅಂತ ಅವರು.

ಈಗ 11 ತಿಂಗಳಿನ ಇನ್ನೊಂದು ಗುಟ್ಟು. ಸೆಪ್ಟೆಂಬರ್ 1ಕ್ಕೆ ಮನೆ ಕೊಟ್ಟರೆ ಕರಾರು ಮುಗಿಯುವುದು ಜುಲೈ 31ಕ್ಕೆ. ಅದು ಆಷಾಢದ ಹೊತ್ತು. ಆಷಾಢದಲ್ಲಿ ನಮ್ಮ ಜನ ಮನೆ ಬದಲಾಯಿಸುವುದಿಲ್ಲ, ಜೊತೆಗೆ ಜಡಿಮಳೆ. ಸಾಮಾನು ಸಾಗಿಸುವುದೇ ಕಷ್ಟ. ಆಗ ಖಾಲಿಯಾದ ಮನೆ ಶ್ರಾವಣ ಬರುವವರೆಗೆ ಬೀಗ ಹಾಕಿಕೊಂಡು, ಗಾಳಿಯಾಡದೆ, ಬೂಸ್ಟು ಹಿಡಿದು ಕೂರುತ್ತದೆ. ಸರ್ಕಾರಿ ವರ್ಗಾವಣೆ, ಶಾಲೆಯ ಹೊಸ ವರ್ಷ ಎಲ್ಲ ಇರುವುದು ಮೇ, ಜೂನ್ ಮೊದಲ ವಾರದಲ್ಲಿ. ಆದ್ದರಿಂದ ಸೆಪ್ಟೆಂಬರಿನಲ್ಲಿ ಬಂದವರಿಗೆ ಮೊದಲ ಕರಾರನ್ನು ಎಂಟೇ ತಿಂಗಳಿಗೆ, ಏಪ್ರಿಲ್ 30ಕ್ಕೆ ಮುಗಿಯುವಂತೆ ಬರೆಯಿರಿ. ಮುಂದುವರಿಸುವುದಾದರೆ ಅಲ್ಲಿಂದ 11 ತಿಂಗಳು. ಹನ್ನೊಂದರ ಲೆಕ್ಕದಲ್ಲಿ ಪ್ರತಿ ಸಲ ಕೊನೆಯ ದಿನ ಒಂದೊಂದು ತಿಂಗಳು ಹಿಂದೆ ಸರಿಯುತ್ತದೆ ಅನ್ನುವುದನ್ನೂ ಗಮನಿಸಿ; ಏಪ್ರಿಲ್ ಹೋಗಿ ಮಾರ್ಚ್, ಪರೀಕ್ಷೆಯ ತಿಂಗಳು. ನಡುನಡುವೆ ಸರಿಹೊಂದಿಸುತ್ತಿರಬೇಕು.

ಬಾಡಿಗೆ ಏರಿಸುವುದರ ಬಗ್ಗೆ ಒಂದು ಮಾತು. 10,000 ಕೊಡುತ್ತಿರುವ ಒಳ್ಳೆಯ ಸಂಸಾರಕ್ಕೆ ಇನ್ನೂ 500 ಏರಿಸಿದರೆ ವರ್ಷಕ್ಕೆ 6,000 ಸಿಗುತ್ತದೆ. ಅವರು ಬಿಟ್ಟು ಹೋದರೆ ಒಂದು ತಿಂಗಳು ಖಾಲಿ 10,000, ದಲ್ಲಾಳಿಗೆ 10,000, ಚಿಲ್ಲರೆ ದುರಸ್ತಿ 4,000. ಆ 24,000 ತುಂಬಿಕೊಳ್ಳಲು ನಾಲ್ಕು ವರ್ಷ ಬೇಕು. ಸಮಯಕ್ಕೆ ಬಾಡಿಗೆ ಹಾಕಿ, ಸೋರಿದ ದಿನವೇ ಫೋನ್ ಮಾಡಿ ತಿಳಿಸುವ ಬಾಡಿಗೆದಾರರನ್ನು ಉಳಿಸಿಕೊಳ್ಳಿ.

ವಿದ್ಯುತ್ತಿನ ವಿಷಯ. ಪ್ರತಿ ಮನೆಗೂ ಪ್ರತ್ಯೇಕ ಮೀಟರು, ಮೋಟರಿಗೆ ಬೇರೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮೀಟರಿನ ಲೆಕ್ಕದಲ್ಲಿ. ಎರಡು ಮನೆ ಒಂದೇ ಮೀಟರಿನಲ್ಲಿದ್ದರೆ 200 ಯೂನಿಟ್ ದಾಟಿ ಇಬ್ಬರಿಗೂ ನಷ್ಟ. ಹಳೆಯ ಬಾಡಿಗೆದಾರರು ಹೋಗುವಾಗ ಅವರ ಆಧಾರ್ ಜೋಡಣೆಯನ್ನು ಆ ಆರ್‌ಆರ್ ನಂಬರಿನಿಂದ ತೆಗೆಸಿಯೇ ಅಡ್ವಾನ್ಸ್ ವಾಪಸ್ ಕೊಡಿ, ಇಲ್ಲದಿದ್ದರೆ ಹೊಸಬರಿಗೆ ತೊಡಕು.

ಇಲ್ಲಿ ಒಂದು ಪ್ರಾಣದ ವಿಷಯ ಹೇಳಲೇಬೇಕು. ಮಳೆಗಾಲದಲ್ಲಿ ಸೋಲಾರ್ ನೀರು ಕಾಯುವುದಿಲ್ಲವೆಂದು ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕುತ್ತಾರೆ. ಚಳಿಗೆ ಕಿಟಕಿ ಮುಚ್ಚಿರುತ್ತದೆ. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಒಳಗಿದ್ದವರು ಪ್ರಜ್ಞೆ ತಪ್ಪಿ ಅಲ್ಲೇ ಬೀಳುತ್ತಾರೆ. ಗೀಸರ್, ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಬೇಕು. ಒಳಗೆ ಬಿಸಿನೀರಿನ ಪೈಪು ಮಾತ್ರ. ಕರಾರಿನಲ್ಲೂ ಬರೆಯಿರಿ. ಹಾಗೆಯೇ ತೇವದ ಗೋಡೆಯ ಮನೆಗಳಲ್ಲಿ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಬ್ರೇಕರ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಯಾರನ್ನೂ ಒಳಗೆ ಕೂರಿಸಬೇಡಿ.

ತೆರಿಗೆ. ಮೇಲಿನ ಉದಾಹರಣೆಯಲ್ಲಿ ಕೈಗೆ ಬಂದ ಬಾಡಿಗೆ 2,75,000. ನೀವು ನಿಜವಾಗಿ ಕಟ್ಟಿದ ಕಂದಾಯ 8,000 ಕಳೆದು, ಉಳಿದದ್ದರಲ್ಲಿ ಶೇ. 30 ಕಳೆದರೆ 1,86,900. ದುರಸ್ತಿ, ಬಣ್ಣ, ವಿಮೆ ಎಲ್ಲ ಆ ಮೂವತ್ತರೊಳಗೇ ಬಂತು. ಬೇರೆ ರಸೀದಿ ತೋರಿಸಿ ಕಳೆಯಲು ಆಗುವುದಿಲ್ಲ. ಸಾಲದ ಬಡ್ಡಿ ಕಳೆಯಬಹುದು. ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿ ಆರಿಸಿಕೊಂಡವರಿಗೆ ಆ ಸೌಲಭ್ಯ ಇಲ್ಲ. ತೆರಿಗೆ ಉಳಿಸಲೆಂದೇ ಸಾಲ ಮಾಡಿ ಮನೆ ಕೊಳ್ಳುವವರು ಇದನ್ನು ಮೊದಲು ವಿಚಾರಿಸಿ.

ಕೊನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವರಿಂದ ಭೋಗ್ಯದ ಬಗ್ಗೆ, ಅಂದರೆ ಬಾಡಿಗೆ ಬದಲು ಒಟ್ಟಿಗೆ ದೊಡ್ಡ ಮೊತ್ತ ಪಡೆದು ಅವಧಿ ಮುಗಿದ ಮೇಲೆ ವಾಪಸ್ ಕೊಡುವುದರ ಬಗ್ಗೆ, ಪ್ರಶ್ನೆ ಬಂತು. ಬಾಡಿಗೆಯೇ ಬೇಡ, 5 ಲಕ್ಷ ಭೋಗ್ಯಕ್ಕೆ ಕೊಡುತ್ತೇವೆ ಅನ್ನುತ್ತಾರೆ, ಒಳ್ಳೆಯದೇ? ಲೆಕ್ಕ ಹೀಗೆ ಮಾಡಿ. ಮನೆಯ ಬಾಡಿಗೆ 8,000 ಅಂದರೆ ವರ್ಷಕ್ಕೆ 96,000. ಭೋಗ್ಯದ ಹಣವನ್ನು ಶೇ. 6.5ರ ಠೇವಣಿಯಲ್ಲಿಟ್ಟು ಅಷ್ಟು ಬಡ್ಡಿ ಬರಬೇಕಾದರೆ ಹತ್ತಿರ ಹತ್ತಿರ 14,77,000 ಬೇಕು. 5 ಲಕ್ಷಕ್ಕೆ ಬರುವುದು 32,500 ಮಾತ್ರ. ಶೇ. 12ರ ಸಾಲವಿದ್ದು ಅದನ್ನು ತೀರಿಸುವುದಾದರೆ 8 ಲಕ್ಷ ಭೋಗ್ಯ ಬಾಡಿಗೆಗೆ ಸಮ. ಅದಕ್ಕಿಂತ ಕಡಿಮೆ ಆದರೆ ನಷ್ಟ. ಇನ್ನು ಹಣ ವಾಪಸ್ ಕೊಡುವ ದಿನ. ಭೋಗ್ಯದ ದುಡ್ಡು ಮದುವೆಗೋ ಟ್ರ್ಯಾಕ್ಟರಿಗೋ ಹೋಗಿರುತ್ತದೆ, ಮೂರು ವರ್ಷದ ಮೇಲೆ ಇನ್ನೊಬ್ಬ ಭೋಗ್ಯದಾರ ಸಿಗುವವರೆಗೆ ಮನೆಯಲ್ಲಿರುವ ಭೋಗ್ಯದಾರರು ಏಳುವುದಿಲ್ಲ, ಏಳಿಸಲೂ ನಿಮಗೆ ಬಾಯಿಲ್ಲ. ಭೋಗ್ಯ ಕೊಡುವುದೇ ಆದರೆ ಪತ್ರ ನೋಂದಣಿ ಮಾಡಿಸಿ, ಹಣವನ್ನು ಆ ಅವಧಿಗೇ ಠೇವಣಿ ಇಡಿ, ಠೇವಣಿ ಮುಗಿಯುವ ತಾರೀಖು ಭೋಗ್ಯ ಮುಗಿಯುವುದಕ್ಕೆ ಒಂದು ವಾರ ಮುಂಚೆ ಬರುವಂತೆ ನೋಡಿಕೊಳ್ಳಿ.